ಜಿಪಿಎಸ್ ಇಲ್ಲದ ಸೆನ್ಸರ್ ನೋಡ್ ಎಲ್ಲಿದೆ ಅಂತ ಪಿಎಸ್‌ಒ ಎಂಬ ಹುಡುಕುವ ವಿಧಾನ ಹೇಗೆ ಪತ್ತೆ ಮಾಡುತ್ತದೆ?

ಸೆನ್ಸರ್ ನೋಡ್ ಅಂದರೆ ಸುತ್ತಲಿನದನ್ನು ಅಳೆದು ರೇಡಿಯೊ ಸಿಗ್ನಲ್‌ನಲ್ಲಿ ಕಳಿಸುವ ಪುಟ್ಟ ಸಾಧನ. ಪ್ರತಿ ನೋಡ್‌ಗೂ ಜಿಪಿಎಸ್ ಹಾಕಿದರೆ ಖರ್ಚು ಜಾಸ್ತಿ, ಬ್ಯಾಟರಿಯೂ ಬೇಗ ಮುಗಿಯುತ್ತದೆ. ಹಾಗಾಗಿ ಕೆಲವು ನೋಡ್‌ಗಳ ಜಾಗ ಮಾತ್ರ ಮೊದಲೇ ಗೊತ್ತಿರುತ್ತದೆ. ಇವೇ ಆಂಕರ್‌ಗಳು. ಉಳಿದವು ಆಂಕರ್‌ನ ಸಿಗ್ನಲ್ ಎಷ್ಟು ಸೊರಗಿದೆ ಎಂದು ನೋಡಿ ದೂರ ಅಂದಾಜು ಮಾಡುತ್ತವೆ.

ದೂರ ಪಕ್ಕಾ ಇದ್ದರೆ ಮೂರು ಆಂಕರ್ ಸಾಕು. ಪ್ರತಿ ಆಂಕರ್ ಸುತ್ತ ಅಳೆದ ದೂರದಷ್ಟೇ ತ್ರಿಜ್ಯದ ವೃತ್ತ ಎಳೆದರೆ ಮೂರೂ ಒಂದೇ ಬಿಂದುವಿನಲ್ಲಿ ಸೇರುತ್ತವೆ, ಅಲ್ವಾ? ಆದರೆ ಗೋಡೆ, ಮರ ಅಡ್ಡ ಬಂದು ಅಳತೆ ಕೆಡುತ್ತದೆ. ವೃತ್ತಗಳು ಸೇರುವುದೇ ಇಲ್ಲ. ಆಗ ತಪ್ಪು ಅತಿ ಕಡಿಮೆ ಇರುವ ಜಾಗವನ್ನು ಹುಡುಕಬೇಕು.

ಅದಕ್ಕೇ ಪಿಎಸ್‌ಒ, ಅಂದರೆ ಪಾರ್ಟಿಕಲ್ ಸ್ವಾರ್ಮ್ ಆಪ್ಟಿಮೈಸೇಶನ್. ಹಕ್ಕಿಗಳ ಹಿಂಡನ್ನು ನೋಡಿ ಕೆನಡಿ ಮತ್ತು ಎಬರ್‌ಹಾರ್ಟ್ 1995ರಲ್ಲಿ ಕೊಟ್ಟ ವಿಧಾನ. ಒಂದಷ್ಟು ಕಣಗಳನ್ನು ಸುಮ್ನೆ ನಕ್ಷೆಯ ಮೇಲೆ ಚೆಲ್ಲಿ. ಪ್ರತಿ ಕಣವೂ ನೋಡ್ ಇಲ್ಲಿರಬಹುದು ಎನ್ನುವ ಒಂದು ಊಹೆ. ಅಲ್ಲಿಂದ ಆಂಕರ್‌ಗಳಿಗಿರುವ ದೂರಕ್ಕೂ ಅಳೆದ ದೂರಕ್ಕೂ ಇರುವ ವ್ಯತ್ಯಾಸಗಳ ವರ್ಗ ಮಾಡಿ ಕೂಡಿ. ಅದೇ ಆ ಕಣದ ತಪ್ಪು. ಪ್ರತಿ ಸುತ್ತಿನಲ್ಲೂ ಕಣ ತನ್ನ ಹಳೆಯ ವೇಗದ ಜೊತೆಗೆ, ತಾನು ಕಂಡ ಅತಿ ಕಡಿಮೆ ತಪ್ಪಿನ ಜಾಗ ಮತ್ತು ಇಡೀ ಗುಂಪು ಕಂಡ ಅತಿ ಕಡಿಮೆ ತಪ್ಪಿನ ಜಾಗ, ಎರಡರ ಕಡೆಗೂ ವಾಲುತ್ತದೆ.

ಒಂದು ಎಚ್ಚರ: ಆಂಕರ್‌ಗಳನ್ನು ಒಂದೇ ಸಾಲಿನಲ್ಲಿ ಇಡಬೇಡಿ. ಸಾಲಿನ ಆಚೆ ಈಚೆ ಕನ್ನಡಿಯಲ್ಲಿ ಕಂಡಂತೆ ಎರಡು ಉತ್ತರ ಬರುತ್ತವೆ. ಅದನ್ನು ಪಿಎಸ್‌ಒ ಬಗೆಹರಿಸುವುದಿಲ್ಲ.