ಟೂರ್ನಮೆಂಟ್ ಟೈಮಲ್ಲಿ ಅಂಗಡಿ ಬೋರ್ಡ್ ಮುಚ್ಚಬೇಕಾ? ನಿಮ್ಮ ಪ್ರಶ್ನೆ, ನಮ್ಮ ಉತ್ತರ

ದೊಡ್ಡ ಕ್ರೀಡಾಕೂಟ ಯಾವ ಊರಿಗೆ ಬಂದ್ರೂ ಮೈದಾನದ ಸುತ್ತ ಇರೋ ವ್ಯಾಪಾರಸ್ಥರಿಗೆ ಕೆಲವು ವಾರಗಳ ಮಟ್ಟಿಗೆ ಬೇರೆ ರೂಲ್ಸ್ ಬಂದ್ಬಿಡತ್ತೆ, ಬೋರ್ಡಿಗೊಂದು, ರಸ್ತೆಗೊಂದು, ಅಂಗಡಿ ಟೈಮಿಗೊಂದು. ಈ ಸಲ ಬಂದ ಪ್ರಶ್ನೆ ಹೆಚ್ಚುಕಮ್ಮಿ ಎಲ್ಲಾ ಇದರ ಬಗ್ಗೆನೇ. ಒಂದೇ ಥರ ಇದ್ದಿದ್ದನ್ನ ಒಟ್ಟು ಮಾಡಿ ಉತ್ತರ ಬರ್ದಿದೀನಿ.

ಸರ್, ನಮ್ಮ ಅಂಗಡಿ ಸ್ಟೇಡಿಯಂನಿಂದ ಎರಡು ರಸ್ತೆ ಆಚೆ. ಮೊನ್ನೆ ಇಬ್ರು ಕುತ್ತಿಗೆಗೆ ಐಡಿ ಕಾರ್ಡ್ ನೇತಾಕ್ಕೊಂಡು ಬಂದು, ಬೋರ್ಡ್ ಮೇಲೆ ಇರೋ ಕಂಪನಿ ಲೋಗೋ ಪಂದ್ಯ ಮುಗಿಯೋವರೆಗೂ ಬಟ್ಟೆ ಹಾಕಿ ಮುಚ್ಚಿ, ಇಲ್ಲಾಂದ್ರೆ ದಂಡ ಬೀಳತ್ತೆ ಅಂದ್ರು. ಮುಚ್ಚಬೇಕಾ?

ಮೊದಲು ಆ ಕಾರ್ಡ್ ಮೇಲೆ ಏನ್ ಬರ್ದಿತ್ತು ಅಂತ ನೋಡಿದ್ರಾ? ಎಲ್ಲಾ ಇರೋದು ಅಲ್ಲೇ. ಇಂಥ ಟೈಮಲ್ಲಿ ಎರಡು ಥರದವರು ಬರ್ತಾರೆ, ಒಬ್ರು ಸ್ಥಳೀಯ ಆಡಳಿತದವರು, ಇನ್ನೊಬ್ರು ಆಯೋಜಕರ ಕಡೆಯವರು, ಅಂದ್ರೆ ಸ್ಪಾನ್ಸರ್‌ಗಳ ಹಿತ ಕಾಯೋಕೆ ಇಟ್ಟಿರೋ ಜನ. ಇಬ್ರೂ ಟೀಶರ್ಟು ಕಾರ್ಡು ಹಾಕ್ಕೊಂಡು ಒಂದೇ ಥರ ಕಾಣ್ತಾರೆ, ಮಾತಾಡೋದೂ ಒಂದೇ ಥರ. ಆದ್ರೆ ಕಾನೂನು ಪ್ರಕಾರ ದಂಡ ಹಾಕೋ ಅಧಿಕಾರ ಇರೋದು ಆಡಳಿತಕ್ಕೆ. ಆಯೋಜಕರಿಗೆ ಅವರ ಹೆಸರು, ಲೋಗೋ, ಟ್ರೇಡ್‌ಮಾರ್ಕ್ ನೀವು ಬಳಸಿದ್ರೆ ಕೋರ್ಟಿಗೆ ಹೋಗೋ ಹಕ್ಕಿದೆ, ನಿಮ್ಮ ಅಂಗಡಿ ಬಾಗಿಲಿಗೆ ಬಂದು ಅಪ್ಪಣೆ ಕೊಡೋ ಹಕ್ಕು ತಾನಾಗೇ ಬರಲ್ಲ.

ಅಮೆರಿಕದ ಫೀನಿಕ್ಸ್‌ನಲ್ಲಿ ಇದೇ ಗಲಾಟೆ ಆಗಿತ್ತು. 2023ರ ಫೆಬ್ರವರಿಲಿ ಪಕ್ಕದ ಗ್ಲೆಂಡೇಲ್‌ನಲ್ಲಿ ಸೂಪರ್ ಬೌಲ್, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಫೈನಲ್ ಇತ್ತು, ಫೀನಿಕ್ಸ್ ನಗರಾಡಳಿತ ಡೌನ್‌ಟೌನ್ ಪೂರ್ತಿ ಕ್ಲೀನ್ ಝೋನ್ ಅಂತ ಮಾಡಿ, ಒಳಗೆ ತಾತ್ಕಾಲಿಕ ಬೋರ್ಡು ಬ್ಯಾನರ್ ಹಾಕ್ಬೇಕಂದ್ರೆ ಫುಟ್‌ಬಾಲ್ ಲೀಗ್ ಅಥವಾ ಆಯೋಜನಾ ಸಮಿತಿ ಒಪ್ಪಬೇಕು ಅಂತ ರೂಲ್ ತಂತು. ಅಲ್ಲಿ ಆಸ್ತಿ ಇದ್ದ ಒಬ್ರು ಕೋರ್ಟಿಗೆ ಹೋದ್ರು. ಜನ ಏನ್ ಬೋರ್ಡ್ ಹಾಕ್ಬೇಕು ಅಂತ ತೀರ್ಮಾನ ಮಾಡೋ ಅಧಿಕಾರನ ಸರ್ಕಾರ ಖಾಸಗಿಯವರ ಕೈಗೆ ಕೊಡೋ ಹಾಗಿಲ್ಲ ಅಂತ ಪಂದ್ಯಕ್ಕೆ ಇನ್ನೂ ಹತ್ತು ದಿನ ಇರೋವಾಗ ಜಡ್ಜ್ ಹೇಳಿದ್ರು.

ಹಂಗಂತ ಬಂದವರನ್ನೆಲ್ಲ ಓಡಿಸ್ಬೇಡಿ, ಕೆಲವು ಕಡೆ ಕಾನೂನೇ ಗಟ್ಟಿಯಾಗಿರತ್ತೆ. ಲಂಡನ್ 2012ರ ಒಲಿಂಪಿಕ್ಸ್‌ಗೆ ಅಂತ 2006ರಲ್ಲೇ ಕಾಯ್ದೆ ಮಾಡಿದ್ರು, ಮೈದಾನದ ಸುತ್ತ ಗೊತ್ತುಮಾಡಿದ ದಿನಗಳಲ್ಲಿ ಬಯಲಲ್ಲಿ ಮಾರೋದು, ಜಾಹೀರಾತು ಹಾಕೋದು ನಿಯಮ ಮೀರಿ ಮಾಡಿದ್ರೆ ಮ್ಯಾಜಿಸ್ಟ್ರೇಟ್ ಕೋರ್ಟಲ್ಲೇ 20,000 ಪೌಂಡ್‌ವರೆಗೂ ದಂಡ ಅಂತಿತ್ತು. ಇದು ತಮಾಷೆ ಅಲ್ಲ. ಬ್ರೆಜಿಲ್‌ನಲ್ಲಿ 2014ರ ಫುಟ್‌ಬಾಲ್ ವಿಶ್ವಕಪ್‌ಗೆ ಮಾಡಿದ ಕಾನೂನು ಮೈದಾನದ ಸುತ್ತ 2 ಕಿಲೋಮೀಟರ್‌ವರೆಗೆ ವ್ಯಾಪಾರದ ಮೇಲೆ ನಿರ್ಬಂಧ ಹಾಕೋಕೆ ಬಿಡ್ತಿತ್ತು, ಆದ್ರೆ ಅದೇ ಸಾಲಲ್ಲಿ ಇನ್ನೊಂದು ಮಾತೂ ಇತ್ತು, ಮೊದಲಿಂದ ಕ್ರಮವಾಗಿ ನಡೀತಿರೋ ಅಂಗಡಿಗೆ ತೊಂದ್ರೆ ಇಲ್ಲ, ಪಂದ್ಯಾವಳಿ ಜೊತೆ ತಳುಕು ಹಾಕದೆ ಇದ್ರೆ ಸಾಕು ಅಂತ. ಈ ಥರ ಒಂದು ಸಾಲು ತುಂಬಾ ಕಡೆ ಇರತ್ತೆ, ಬಂದು ಹೆದರಿಸೋರು ಅದನ್ನ ಓದಿ ಹೇಳಲ್ಲ.

ಆದ್ದರಿಂದ ಅವರು ಇನ್ನೊಂದ್ಸಲ ಬಂದ್ರೆ ಕೂರಿಸಿ, ನೀರು ಕೊಡಿ, ಆಮೇಲೆ ಆದೇಶದ ನಂಬರ್ ಏನು, ಮ್ಯಾಪ್ ಎಲ್ಲಿ, ಯಾವ ತಾರೀಖಿಂದ ಯಾವ ತಾರೀಖಿಗೆ ಅಂತ ಕೇಳಿ, ಬರವಣಿಗೇಲಿ ಕೊಡಿ ಅನ್ನಿ. ನಿಜವಾದ ಆದೇಶ ಇದ್ರೆ ತೋರಿಸೋಕೆ ಅವರಿಗೇನೂ ಕಷ್ಟ ಇಲ್ಲ. ಬೋರ್ಡಿನ ಫೋಟೋ ಇವತ್ತೇ ತೆಗೆದಿಟ್ಕೊಳ್ಳಿ, ಹಳೇ ಬಿಲ್ಲು, ಬೋರ್ಡಿನ ಪರ್ಮಿಟ್ ಇದ್ರೆ ಅದನ್ನೂ ಜೊತೆಗಿಡಿ, ಬೋರ್ಡ್ ಟೂರ್ನಮೆಂಟಿಗಿಂತ ಎಷ್ಟೋ ಮೊದಲಿಂದ ಇತ್ತು ಅನ್ನೋಕೆ ಅದೇ ಸಾಕ್ಷಿ. ಅಷ್ಟು ದೊಡ್ಡ ಬಟ್ಟೆ ಇವತ್ತೇ ತರೋದು ಬೇಡ.

ಮ್ಯಾಪ್ ವಿಷಯದಲ್ಲಿ ನಂದೇ ಒಂದು ತಪ್ಪು ಹೇಳ್ಬಿಡ್ತೀನಿ. ಒಬ್ರಿಗೆ ನಿಮ್ಮ ಅಂಗಡಿ ಗೆರೆಯಿಂದ ಹೊರಗಿದೆ, ಆರಾಮಾಗಿರಿ ಅಂತ ಹೇಳಿ ಕಳಿಸಿದ್ದೆ, ನಾನು ನೋಡಿದ್ದು ಮೊದಲನೇ ಮ್ಯಾಪು, ಮಧ್ಯದಲ್ಲಿ ತಿದ್ದುಪಡಿ ಆಗಿ ಗೆರೆ ಅವರ ಫುಟ್‌ಪಾತ್ ದಾಟಿ ಒಳಗೆ ಬಂದಿತ್ತು, ಅವರು ಬಾಗಿಲ ಹೊರಗೆ ಇಟ್ಟಿದ್ದ ಸ್ಟ್ಯಾಂಡಿ ಎತ್ತಾಕ್ಕೊಂಡು ಹೋದ್ರು. ಅವತ್ತಿಂದ ಮ್ಯಾಪ್ ಮೂಲೇಲಿ ಇರೋ ತಾರೀಖು ನೋಡ್ದೆ ಯಾರಿಗೂ ಏನೂ ಹೇಳಲ್ಲ.

ಪಂದ್ಯ ನಡೆಯೋ ತಿಂಗಳು ಒಂದು ಡಿಸ್ಕೌಂಟ್ ಆಫರ್ ಮಾಡ್ಬೇಕು ಅಂತಿದೀವಿ. ಪೋಸ್ಟರ್ ಮೇಲೆ ಗೆದ್ದವರಿಗೆ ಕೊಡೋ ಕಪ್, ಚೆಂಡು, ಟೂರ್ನಮೆಂಟ್ ಹೆಸರು ಹಾಕ್ಬಹುದಾ? ಎಲ್ಲರೂ ಹಾಕ್ತಾರಲ್ವಾ?

ಎಲ್ಲರೂ ಹಾಕ್ತಾರೆ ಅನ್ನೋದು ನೋಟಿಸ್ ಬಂದಾಗ ಉತ್ತರ ಆಗಲ್ಲ. ಬರೀ ಚೆಂಡಿನ ಚಿತ್ರಕ್ಕೆ ಸಾಮಾನ್ಯವಾಗಿ ಯಾರೂ ಬರಲ್ಲ. ಅಧಿಕೃತ ಲೋಗೋ, ಮ್ಯಾಸ್ಕಾಟ್, ಕಪ್ಪಿನ ಅದೇ ಆಕಾರ, ಟೂರ್ನಮೆಂಟಿನ ಪೂರ್ತಿ ಹೆಸರು ಇವಿಷ್ಟೂ ಬೇಡ. ಸಂಬಂಧ ಇಲ್ಲದೆ ಇದ್ರೂ ನಾವೂ ಇದರ ಪಾಲುದಾರರು ಅನ್ನೋ ಭಾವನೆ ಹುಟ್ಟಿಸೋದಕ್ಕೆ ಆಂಬುಷ್ ಮಾರ್ಕೆಟಿಂಗ್ ಅಂತಾರೆ, ಹಿಡಿಯೋದು ಅದನ್ನೇ.

ಎಷ್ಟು ದೂರ ಹೋಗ್ತಾರೆ ಅಂತ ಗೊತ್ತಾಗ್ಬೇಕಂದ್ರೆ ಲಂಡನ್ ಕಾಯ್ದೆ ಓದ್ಬೇಕು. ಅದ್ರಲ್ಲಿ ಎರಡು ಪಟ್ಟಿ ಇತ್ತು. ಒಂದರಲ್ಲಿ 'ಗೇಮ್ಸ್', '2012', ಅದನ್ನೇ ಅಕ್ಷರದಲ್ಲಿ ಬರ್ದ ರೂಪಗಳು. ಇನ್ನೊಂದರಲ್ಲಿ 'ಗೋಲ್ಡ್', 'ಸಿಲ್ವರ್', 'ಬ್ರಾಂಜ್', 'ಲಂಡನ್', 'ಮೆಡಲ್ಸ್', 'ಸ್ಪಾನ್ಸರ್', ಕೊನೆಗೆ 'ಸಮ್ಮರ್' ಕೂಡ. ಮೊದಲನೇ ಪಟ್ಟಿಯ ಎರಡು ಪದ ಒಟ್ಟಿಗೆ ಬಂದ್ರೆ, ಅಥವಾ ಎರಡೂ ಪಟ್ಟಿಯಿಂದ ಒಂದೊಂದು ಸೇರಿದ್ರೆ, ಸಂಬಂಧ ಇದೆ ಅನ್ನಿಸೋ ಹಾಗೆ ಮಾಡಿದ್ದೀರಾ ಅಂತ ತೀರ್ಮಾನಿಸೋವಾಗ ಕೋರ್ಟ್ ಅದನ್ನ ಲೆಕ್ಕಕ್ಕೆ ತಗೊಳ್ಳಬಹುದಿತ್ತು. ಅಂದ್ರೆ 'ಸಮ್ಮರ್ 2012 ಸೇಲ್' ಅಂತ ಅಂಗಡಿಯವನು ಬರ್ದ್ರೂ ಎರಡು ಸಲ ಯೋಚನೆ ಮಾಡೋ ಪರಿಸ್ಥಿತಿ! ಬರೀ ಎರಡು ಪದ ಬಂದ ತಕ್ಷಣ ತಪ್ಪು ಅಂತಲ್ಲ, ಅದು ಬೇರೆ ಮಾತು, ಆದ್ರೆ ಸಣ್ಣ ವ್ಯಾಪಾರಿ ಲಾಯರ್ ಇಟ್ಕೊಂಡು ಅದನ್ನ ವಾದ ಮಾಡ್ತಾನಾ ಹೇಳಿ.

2010ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದಾಗ ಕುಲುಲಾ ಅನ್ನೋ ಏರ್‌ಲೈನ್ ಟೂರ್ನಮೆಂಟ್ ಹೆಸರೇ ಎತ್ತದೆ, 'ಅದೇ ನಿಮಗೆ ಗೊತ್ತಲ್ಲ, ಅದರ ಅನಧಿಕೃತ ವಿಮಾನ ಸಂಸ್ಥೆ ನಾವು' ಅನ್ನೋ ಅರ್ಥದ ಜಾಹೀರಾತು ಕೊಡ್ತು, ಜೊತೆಗೆ ಚೆಂಡು, ಸ್ಟೇಡಿಯಂ ಚಿತ್ರ. ವಿಶ್ವಕಪ್ ನಡೆಸೋ ಫಿಫಾ ಅದನ್ನೂ ತೆಗೆಸ್ತು. ಅದೇ ಟೂರ್ನಮೆಂಟಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ನೆದರ್ಲೆಂಡ್ಸ್ ಡೆನ್ಮಾರ್ಕ್ ಪಂದ್ಯದ ದಿನ ಒಂದೇ ಥರ ಕಿತ್ತಳೆ ಬಣ್ಣದ ಡ್ರೆಸ್ ಹಾಕ್ಕೊಂಡು ಕೂತಿದ್ದ 36 ಹೆಣ್ಣುಮಕ್ಕಳನ್ನ ಸ್ಟೇಡಿಯಂನಿಂದ ಹೊರಗೆ ಕಳಿಸಿದ್ರು. ಡ್ರೆಸ್ ಮೇಲೆ ದೊಡ್ಡ ಹೆಸರು ಏನೂ ಇರ್ಲಿಲ್ಲ, ಆದ್ರೆ ಅದು ಸ್ಪಾನ್ಸರ್ ಅಲ್ಲದ ಒಂದು ಬಿಯರ್ ಕಂಪನಿ ಹಂಚಿದ್ದ ಡ್ರೆಸ್. ಇಬ್ರನ್ನ ಅರೆಸ್ಟ್ ಕೂಡ ಮಾಡಿದ್ರು, ಆಮೇಲೆ ಕೇಸ್ ಕೈಬಿಟ್ರು. ನನ್ನ ಕೇಳಿದ್ರೆ ಇದು ಅತಿಯಾಯ್ತು, ಆ ಗಲಾಟೆಯಿಂದ ಆ ಬಿಯರ್ ಹೆಸರು ಕೇಳ್ದೆ ಇದ್ದವರಿಗೂ ಗೊತ್ತಾಗಿದ್ದೇ ಲಾಭ.

ನಿಮಗೆ ನಾನು ಹೇಳೋದು ಇಷ್ಟು, ಪೋಸ್ಟರ್ ಮೇಲೆ ನಿಮ್ಮ ಅಂಗಡಿ ಹೆಸರು ದೊಡ್ಡದಾಗಿ, 'ಪಂದ್ಯ ನೋಡೋರಿಗೆ ಸ್ಪೆಷಲ್ ಡಿಸ್ಕೌಂಟ್' ಅಂತ ಸಣ್ಣದಾಗಿ ಹಾಕಿ. ಗೆದ್ದವರಿಗೆ ಟಿಕೆಟ್ ಕೊಡ್ತೀವಿ ಅಂತ ಲಕ್ಕಿ ಡ್ರಾ ಮಾತ್ರ ಮಾಡ್ಲೇಬೇಡಿ, ದೊಡ್ಡ ಟೂರ್ನಮೆಂಟ್‌ಗಳ ಟಿಕೆಟ್ ಷರತ್ತಲ್ಲಿ ಅನುಮತಿ ಇಲ್ದೆ ಪ್ರಚಾರಕ್ಕೆ ಬಳಸೋ ಹಾಗಿಲ್ಲ ಅಂತ ಇರತ್ತೆ, ಆಮೇಲೆ ಗೆದ್ದವನು ಗೇಟಲ್ಲಿ ನಿಂತು ನಿಮಗೆ ಫೋನ್ ಮಾಡ್ತಾನೆ.

ಆ ದಿನಗಳಲ್ಲಿ ಅಂಗಡಿ ರಾತ್ರಿ ಲೇಟಾಗಿ ತೆಗೆದಿಡಬಹುದು ಅಂತ ವಾಟ್ಸಾಪಲ್ಲಿ ಬಂದಿದೆ. ಕೆಲಸದವರಿಗೆ ಹೇಳ್ಬಿಡ್ಲಾ?

ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದಂಗಾಯ್ತು ಇದು. ವಿನಾಯಿತಿ ಕೊಡೋದು ನಿಜ, ಆದ್ರೆ ಅದು ತುಂಬಾ ಅಳೆದು ಕೊಡೋ ವಿನಾಯಿತಿ. 2021ರ ಯೂರೋ ಫುಟ್‌ಬಾಲ್ ಫೈನಲ್ ದಿನ ಇಂಗ್ಲೆಂಡಲ್ಲಿ ಪಬ್‌ಗಳಿಗೆ ರಾತ್ರಿ ಹತ್ತೂವರೆ ಇದ್ದಿದ್ದನ್ನ ಹನ್ನೊಂದು ಕಾಲಿಗೆ ಮಾಡಿದ್ರು, ಅಂದ್ರೆ ಬರೀ ಮುಕ್ಕಾಲು ಗಂಟೆ ಜಾಸ್ತಿ, ಎಕ್ಸ್‌ಟ್ರಾ ಟೈಮ್ ಪೆನಾಲ್ಟಿ ಅಂತ ಹೋದ್ರೆ ಮಧ್ಯದಲ್ಲಿ ಜನರನ್ನ ಎಬ್ಬಿಸೋ ಹಾಗಾಗ್ಬಾರ್ದು ಅಂತ. ಪಂದ್ಯ ಪೆನಾಲ್ಟಿವರೆಗೂ ಹೋಯ್ತು ಕೂಡ. 2012ರ ಒಲಿಂಪಿಕ್ಸ್‌ಗೆ ಅಂತ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜುಲೈ 22ರಿಂದ ಸೆಪ್ಟೆಂಬರ್ 9ರವರೆಗೆ ಎಂಟು ಭಾನುವಾರ ದೊಡ್ಡ ಅಂಗಡಿಗಳಿಗಿದ್ದ ಆರು ಗಂಟೆ ಮಿತಿ ತೆಗೆದಿದ್ರು, ಅದಾದ್ಮೇಲಿನ ಭಾನುವಾರ ಹಳೇ ರೂಲೇ ವಾಪಸ್. ಆಮೇಲೆ ಕೆಲಸದವರು, ಇದನ್ನ ಜನ ಮರೀತಾರೆ. ಪ್ಯಾರಿಸ್ 2024ರ ಒಲಿಂಪಿಕ್ಸ್‌ಗೆ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಪಂದ್ಯದ ಜಾಗಗಳ ಹತ್ರ ಅಂಗಡಿಗಳಿಗೆ ಭಾನುವಾರದ ರಜೆಯಿಂದ ವಿನಾಯಿತಿ ಸಿಗೋ ಹಾಗೆ ಕಾನೂನು ಮಾಡಿದ್ರು, ಆದ್ರೆ ತಾವಾಗೇ ಒಪ್ಪಿದ ಕೆಲಸಗಾರರಿಂದ ಮಾತ್ರ ಕೆಲಸ ಮಾಡಿಸ್ಬೇಕಿತ್ತು. ಅಂಗಡಿ ತೆಗೆಯೋಕೆ ಪರ್ಮಿಷನ್ ಸಿಕ್ತು ಅಂದ್ರೆ ಕೆಲಸದವರ ಓಟಿ, ವಾರದ ರಜೆ ಎಲ್ಲಾ ಮಾಫಿ ಆಯ್ತು ಅಂತಲ್ಲ. ಆರ್ಡರ್ ಕಾಪಿ ಕೈಗೆ ಬಂದ್ಮೇಲೆ ಹೇಳಿ.

ರಸ್ತೆ ಬಂದ್ ಮಾಡ್ತಾರಂತೆ. ಮಾಲು ಹೆಂಗೆ ತರಿಸೋದು, ಗಿರಾಕಿ ಹೆಂಗೆ ಬರೋದು, ನಷ್ಟ ಆದ್ರೆ ಯಾರು ಕೊಡ್ತಾರೆ?

ಇದೇ ನಿಜವಾದ ಹೊಡೆತ, ಬೋರ್ಡು ಬ್ಯಾನರ್ ಎಲ್ಲಾ ಇದ್ರ ಮುಂದೆ ಏನೂ ಅಲ್ಲ. ಪ್ಯಾರಿಸ್‌ನಲ್ಲಿ ನಾಲ್ಕು ಬಣ್ಣದ ವಲಯ ಮಾಡಿದ್ರು, ಕೆಂಪಲ್ಲಿ ಗಾಡಿ ಬಿಡ್ತಿರ್ಲಿಲ್ಲ ಆದ್ರೆ ನಡ್ಕೊಂಡು ಹೋಗ್ಬಹುದಿತ್ತು, ಬೂದು ಬಣ್ಣದ್ದರಲ್ಲಿ ನಡ್ಕೊಂಡು ಹೋಗೋಕೂ ಕ್ಯೂಆರ್ ಕೋಡ್ ಬೇಕು. ಉದ್ಘಾಟನೆಗೆ ಅಂತ ಸೀನ್ ನದಿ ದಂಡೇಲಿ ಜುಲೈ 18ರಿಂದ 26ರವರೆಗೆ ಆ ಬೂದು ವಲಯ ಜಾರಿಲಿತ್ತು. ಕಬ್ಬಿಣದ ಬೇಲಿ ಒಳಗೆ ಖಾಲಿ ಟೇಬಲ್ಲು, ಬಾಗಿಲಲ್ಲಿ ಕೈಕಟ್ಟಿ ನಿಂತ ವೇಟರ್ರು, ಇದು ಆ ವಾರ ಪೇಪರ್‌ಗಳಲ್ಲಿ ಬಂದ ಚಿತ್ರ. ಅಂಗಡಿ ಮುಚ್ಚಿ ಅಂತ ಯಾರೂ ಹೇಳಿರ್ಲಿಲ್ಲ, ಗಿರಾಕಿ ಬರೋ ದಾರಿ ಮುಚ್ಚಿತ್ತು ಅಷ್ಟೇ. ಆಮೇಲೆ ಸರ್ಕಾರ ಪರಿಹಾರ ಕೇಳೋಕೆ ಅವಕಾಶ ಮಾಡ್ತು, ಆದ್ರೆ ನಷ್ಟ ಆಗಿದ್ದು ಭದ್ರತಾ ನಿರ್ಬಂಧದಿಂದಲೇ ಅಂತ ಲೆಕ್ಕ ಸಮೇತ ತೋರಿಸ್ಬೇಕು.

ಆ ಲೆಕ್ಕ ಆಮೇಲೆ ಕೂತು ಮಾಡೋಕಾಗಲ್ಲ. ಈಗ್ಲೇ ಹಿಂದಿನ ವರ್ಷದ ಅದೇ ವಾರಗಳ ದಿನದ ಬಿಲ್ ಮೊತ್ತ ತೆಗೆದಿಟ್ಕೊಳ್ಳಿ, ಬಂದ್ ಶುರುವಾದ ದಿನದಿಂದ ದಿನಾ ರಾತ್ರಿ ಎಷ್ಟು ಗಂಟೆಗೆ ಬ್ಯಾರಿಕೇಡ್ ಹಾಕಿದ್ರು, ಯಾವ ಡೆಲಿವರಿ ವಾಪಸ್ ಹೋಯ್ತು, ಕ್ಯಾಶ್ ಎಷ್ಟು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೀರಿ, ಸುಮ್ನೆ ಎರಡು ಸಾಲು ಸಾಕು. ಪರಿಹಾರ ಸಿಗತ್ತೋ ಬಿಡತ್ತೋ, ಕಾಗದ ಇಲ್ದೆ ಇದ್ರೆ ಅಂತೂ ಸಿಗಲ್ಲ.

ಡೆಲಿವರಿಗೆ ಲಂಡನ್‌ನವರು ಮಾಡಿದ್ದು ನಂಗಿಷ್ಟ ಆಯ್ತು. ಹಗಲು ರಸ್ತೆ ಸಿಗಲ್ಲ ಅಂತ ರಾತ್ರಿ ಮಾಲು ಇಳಿಸೋಕೆ ಬಿಟ್ರು, ಅಕ್ಕಪಕ್ಕದವರ ನಿದ್ದೆ ಕೆಡಬಾರ್ದು ಅಂತ ಅದಕ್ಕೊಂದು ಪದ್ಧತಿ ಬರ್ದ್ರು, ಗಾಡಿ ನಿಂತ ತಕ್ಷಣ ಇಂಜಿನ್ ಆಫ್, ರೇಡಿಯೋ ಬೇಡ, ಕೂಗಾಟ ಬೇಡ ಅಂತ. ನೀವೂ ಸಪ್ಲೈಯರ್ ಜೊತೆ ಈಗ್ಲೇ ಮಾತಾಡಿ, ಕೆಡದೆ ಇರೋ ಮಾಲು ಒಂದು ವಾರ ಮುಂಚೆ ತುಂಬಿಸಿ, ಡ್ರೈವರ್ ಹೆಸರು ಗಾಡಿ ನಂಬರ್ ಪಾಸ್‌ಗೆ ಕೊಡ್ಬೇಕಾಗಬಹುದು, ಕೊನೇ ಗಳಿಗೇಲಿ ಡ್ರೈವರ್ ಬದಲಾದ್ರೆ ಗೇಟಲ್ಲೇ ನಿಲ್ಲಿಸ್ತಾರೆ.

ಅಂಗಡೀಲಿ ದೊಡ್ಡ ಟಿವಿ ಹಾಕಿ ಮ್ಯಾಚ್ ತೋರಿಸ್ಬಹುದಾ?

ಮಾಮೂಲಿ ವ್ಯಾಪಾರದ ಜೊತೆ ಕಮರ್ಷಿಯಲ್ ಕನೆಕ್ಷನ್ ಇರೋ ಟಿವಿ ಓಡ್ತಿದ್ರೆ ತಲೆ ಕೆಡಿಸ್ಕೋಬೇಡಿ. ಮನೆ ಕನೆಕ್ಷನ್ ತಂದು ಅಂಗಡೀಲಿ ಹಾಕೋದು, ಒಳಗೆ ಬರೋಕೆ ದುಡ್ಡು ತಗೊಳೋದು, ಸ್ಕ್ರೀನ್ ಸುತ್ತ ಯಾವ್ದೋ ಕಂಪನಿ ಬ್ಯಾನರ್ ಕಟ್ಟೋದು, ಇದಕ್ಕೆ ಬೇರೆ ಲೈಸೆನ್ಸ್ ಬೇಕಾಗತ್ತೆ. ಸ್ಕ್ರೀನ್ ಹೊರಗೆ ರಸ್ತೆಗಿಟ್ರೆ ಪೊಲೀಸ್ ಪರ್ಮಿಷನ್ನೂ ಸೇರ್ಕೊಳತ್ತೆ.

ನಾನು ಫುಟ್‌ಪಾತಲ್ಲಿ ತಳ್ಳುಗಾಡಿ ಇಟ್ಕೊಂಡಿರೋಳು. ಅಂಗಡಿಯವರಿಗೆ ಕಾನೂನು ಇದೆ ಸರ್, ನಮ್ಮಂಥವರು ಏನ್ ಮಾಡೋದು?

ಅಮ್ಮಾ, ಮೇಲೆ ಹೇಳಿದ್ರಲ್ಲಿ ಅರ್ಧ ನಿಮಗೆ ಕೆಲಸಕ್ಕೆ ಬರಲ್ಲ, ಸುಳ್ಳು ಹೇಳೋಕೆ ನಂಗಿಷ್ಟ ಇಲ್ಲ. ಈ ನಿಯಮಗಳು ಗೋಡೆ ಒಳಗಿನ ಅಂಗಡೀನ ಬಿಟ್ಟು ಬಯಲಲ್ಲಿ ಮಾರೋರನ್ನೇ ಮೊದಲು ಹಿಡಿಯತ್ತೆ, ಮೊದಲಿಂದ ಅಲ್ಲೇ ಇದ್ದೀನಿ ಅನ್ನೋಕೆ ನಿಮ್ಮ ಹತ್ರ ಬೋರ್ಡ್ ಪರ್ಮಿಟ್ಟೂ ಇರಲ್ಲ. ಮಾರಾಟಗಾರರ ಕಾರ್ಡೋ ಲೈಸೆನ್ಸೋ ಇದ್ರೆ ಅದರ ಮೇಲಿರೋ ಜಾಗದ ಹೆಸರು ಸರಿ ಇದೆಯಾ ಅಂತ ಇವತ್ತೇ ನೋಡಿ. ಲಂಡನ್‌ನಲ್ಲಿ ಬೀದಿ ಲೈಸೆನ್ಸ್ ಇದ್ದೋರೂ ಆ ದಿನಗಳಿಗೆ ಬೇರೆ ಅನುಮತಿ ತಗೋಬೇಕಿತ್ತು.

ಆದ್ರೆ ಒಬ್ಬೊಬ್ರೇ ಹೋಗ್ಬೇಡಿ. ಬ್ರೆಜಿಲ್‌ನ ಸಾಲ್ವಡಾರ್‌ನಲ್ಲಿ ಬಿಳಿ ಲಂಗ, ತಲೆಗೆ ಬಟ್ಟೆ ಸುತ್ಕೊಂಡು ಅಕರಾಜೆ ಅನ್ನೋ ಕರಿದ ತಿಂಡಿ ಮಾರೋ ಹೆಂಗಸರಿದಾರೆ, ಅವರ ಕಸುಬನ್ನ 2005ರಲ್ಲಿ ಆ ದೇಶ ಪರಂಪರೆ ಅಂತ ದಾಖಲೆ ಮಾಡಿದೆ. ಅಲ್ಲಿನ ಫೋಂತೆ ನೋವಾ ಸ್ಟೇಡಿಯಂ ಹತ್ರ ವರ್ಷಗಟ್ಟಲೆ ಮಾರ್ತಿದ್ದೋರಿಗೆ ವಿಶ್ವಕಪ್ ನಿಯಮ ಬಂದು ಜಾಗ ಹೋಗೋ ಹಾಗಾಯ್ತು. ಅವರ ಸಂಘ ಸಹಿ ಸಂಗ್ರಹ ಮಾಡಿ ಗಲಾಟೆ ಎಬ್ಬಿಸ್ತು, ಕೊನೆಗೆ ವಿಶ್ವಕಪ್‌ಗೆ ಒಂದು ವರ್ಷ ಮುಂಚೆ ಅಲ್ಲೇ ನಡೆದ 2013ರ ಕಾನ್ಫೆಡರೇಷನ್ಸ್ ಕಪ್ ಫುಟ್‌ಬಾಲ್ ಹೊತ್ತಿಗೆ ಆರು ಜನಕ್ಕೆ ಸ್ಟೇಡಿಯಂ ಆವರಣದಲ್ಲೇ ಮಾರೋಕೆ ಬಿಟ್ರು. ಆರೇ ಜನಕ್ಕೆ, ಹೌದು. ಆದ್ರೆ ಆರಕ್ಕೂ ಮುಂಚೆ ಸೊನ್ನೆ ಇತ್ತು.

ನಿಮ್ಮ ಸಾಲಿನ ಗಾಡಿಯವರೆಲ್ಲರ ಹೆಸರು, ಎಷ್ಟು ವರ್ಷದಿಂದ ಎಲ್ಲಿ ನಿಲ್ತಾರೆ ಅಂತ ಒಂದು ಹಾಳೇಲಿ ಬರೆಸಿ, ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಆ ದಿನಗಳಿಗೆ ಬದಲಿ ಜಾಗ ಕೊಡಿ ಅಂತ ಸ್ಥಳೀಯ ಆಡಳಿತಕ್ಕೆ ಕೊಡಿ. ಜನ ನಡ್ಕೊಂಡು ಬರೋ ದಾರೀಲೇ ಬದಲಿ ಜಾಗ ಕೇಳಿ, ಇಲ್ಲಾಂದ್ರೆ ಹಿಂದಿನ ಗೋಡೆ ಪಕ್ಕ ಎಲ್ಲೋ ತೋರಿಸಿ ಕಳಿಸ್ತಾರೆ. ಕೊಟ್ಟಿದ್ದಕ್ಕೆ ಸೀಲ್ ಹಾಕಿದ ಸ್ವೀಕೃತಿ ಇಸ್ಕೊಳ್ಳಿ, ಅದರ ಜೆರಾಕ್ಸ್ ಗಾಡೀಲಿಡಿ, ಒರಿಜಿನಲ್ ಮನೇಲಿರಲಿ.