ಪ್ರಬಂಧ ತಿದ್ದುವ ಕೆಲಸ: ಯಾವ ಗಂಟೆಗೆ ದುಡ್ಡು ಅಂತ ಮೊದಲು ಕೇಳಿ

ಬರೆಯೋ ಹವ್ಯಾಸ ಇದೆ, ಹೈಸ್ಕೂಲ್ ಮಕ್ಕಳ ಕಾಲೇಜು ಅರ್ಜಿಯ ಪ್ರಬಂಧ ತಿದ್ದೋಕೆ ಒಂದು ಕನ್ಸಲ್ಟಿಂಗ್ ಸಂಸ್ಥೆಯವರು ಕರೀತಿದ್ದಾರೆ, ಗಂಟೆಗೆ ಒಳ್ಳೇ ದುಡ್ಡು, ಸೇರಲಾ ಅಂತ ಕೇಳಿದ್ದೀರಿ. ಮೂರು ಸೀಸನ್ ಅದೇ ಕೆಲಸ ಮಾಡಿದವಳಾಗಿ ಹೇಳ್ತೀನಿ. ಗಂಟೆಗೆ ಎಷ್ಟು ಅನ್ನೋದು ಆಮೇಲೆ, ಯಾವ ಗಂಟೆಗೆ ಅನ್ನೋದು ಮೊದಲು.

ನನಗೆ ಕೊಡ್ತಿದ್ದಿದ್ದು ವಿಡಿಯೋ ಕಾಲ್‌ನಲ್ಲಿ ಮಗುವಿನ ಜತೆ ಕೂತ ಹೊತ್ತಿಗೆ ಮಾತ್ರ. ಲೆಕ್ಕ ಹಾಕಿ: 12 ಮಕ್ಕಳು, ತಲಾ 8 ಕಾಲೇಜು. ಕಾಮನ್ ಆ್ಯಪ್ ಅಂದ್ರೆ ಹಲವು ಕಾಲೇಜುಗಳಿಗೆ, ಹೆಚ್ಚಾಗಿ ಅಮೆರಿಕದವಕ್ಕೆ, ಒಂದೇ ಕಡೆಯಿಂದ ಅರ್ಜಿ ಹಾಕೋ ವೆಬ್‌ಸೈಟ್. ಅದರ 650 ಪದ ಮೀರಬಾರದ ಮುಖ್ಯ ಪ್ರಬಂಧ ಒಂದು, ಆಯಾ ಕಾಲೇಜು ಬೇರೆಯಾಗಿ ಕೇಳೋ ಸಣ್ಣ ಪ್ರಬಂಧ ಕಾಲೇಜಿಗೆ ಎರಡರಂತೆ 16. ಪ್ರತಿಯೊಂದಕ್ಕೂ ಮೂರು ಕರಡು ಅಂದ್ರೆ 612 ಸಲ ಓದಬೇಕು. ಒಂದಕ್ಕೆ 20 ನಿಮಿಷ ಹಿಡಿದರೂ 204 ಗಂಟೆ. ಇದನ್ನ ಅವರು 'ತಯಾರಿ' ಅಂತ ಕರೀತಾರೆ. ತಯಾರಿಗೆ ಸಂಬಳ ಇಲ್ಲ. ಮಗು ಸೆಷನ್‌ಗೆ ಬಾರದೇ ಹೋದರೆ ಅದಕ್ಕೂ ಇಲ್ಲ.

ಕೆಲಸ ವರ್ಷವಿಡೀ ಸಮನಾಗಿ ಇರೋದಿಲ್ಲ. ಆಗಸ್ಟ್ 1ಕ್ಕೆ ಕಾಮನ್ ಆ್ಯಪ್ ತೆರೆಯುತ್ತೆ, ಆಕ್ಸ್‌ಫರ್ಡ್-ಕೇಂಬ್ರಿಜ್‌ಗೆ ಅಕ್ಟೋಬರ್ ಮಧ್ಯ, ಬಹಳಷ್ಟು ಅಮೆರಿಕನ್ ಕಾಲೇಜುಗಳ ಅರ್ಲಿ (ಮುಂಚಿತವಾಗಿ ಅರ್ಜಿ ಹಾಕೋರ) ಗಡುವು ನವೆಂಬರ್ 1, ಉಳಿದವು ಜನವರಿ ಮೊದಲ ವಾರದ ಆಸುಪಾಸು. ಅಲ್ಲಿಂದಾಚೆ ಫೋನೇ ಬರೋಲ್ಲ. ಹಾಗಾಗಿ ತಿಂಗಳಿಗೆ ಕನಿಷ್ಠ ಇಷ್ಟು ಗಂಟೆ ಅಂತ ಬರೆಸಿಕೊಳ್ಳಿ. ಇನ್ನೊಂದು, ಕಾಮನ್ ಆ್ಯಪ್‌ನ ಗಡುವು ಅರ್ಜಿ ಹಾಕುವವರ ಊರಿನ ಗಡಿಯಾರದ ಪ್ರಕಾರ ರಾತ್ರಿ 11:59. ನಿಮ್ಮ ಮಕ್ಕಳು ಮೂರು ಟೈಮ್ ಝೋನ್‌ನಲ್ಲಿದ್ರೆ ಆ ರಾತ್ರಿ ನಿಮಗೆ ಮೂರು ಸಲ ಬರುತ್ತೆ.

ಅಪ್ಪ-ಅಮ್ಮಂದಿರ ಕಾಟದ ಬಗ್ಗೆ ಯಾರೂ ಮೊದಲೇ ಹೇಳೋಲ್ಲ. ಒಬ್ಬ ಹುಡುಗ ತನ್ನ ಅಕ್ವೇರಿಯಂನಲ್ಲಿ ಮೂರು ಸಲ ಮೀನು ಸತ್ತಿದ್ದನ್ನ ಬರೆದಿದ್ದ. ನೀರು ಬದಲಾಯಿಸಿದ ಬಕೆಟ್ಟು, ತೇಲ್ತಿದ್ದ ಕಿತ್ತಳೆ ಮೀನು, ತಂಗಿಗೆ ಹೇಳಿದ ಸುಳ್ಳು, ಎಲ್ಲಾ ಇತ್ತು. ಎರಡು ಕರಡಿನಲ್ಲಿ ಚೆಂದ ಆಯ್ತು. ಗಡುವಿನ ಹಿಂದಿನ ರಾತ್ರಿ ಫೈಲ್ ತೆಗೆದರೆ ಮೀನೇ ಮಾಯ! ಅಪ್ಪ ಕೂತು 'ಜಲಜೀವಿ ಸಂರಕ್ಷಣೆಯಲ್ಲಿ ನನ್ನ ನಾಯಕತ್ವ' ಅಂತ ಬರೆದಿಟ್ಟಿದ್ದರು, ಅದೂ 702 ಪದ. ಮೇಲಿನವರನ್ನ ಕೇಳಿದ್ದಕ್ಕೆ "ದುಡ್ಡು ಕೊಡೋರು ಅವರು, 650ಕ್ಕೆ ಇಳಿಸಿ ಸಾಕು" ಅಂದರು. ಇಳಿಸಿದೆ. ಈಗಲೂ ಬೇಜಾರಿದೆ.

ಸಂದರ್ಶನದಲ್ಲಿ ನೇರವಾಗಿ ಕೇಳಿ: ಮಗು ಖಾಲಿ ಹಾಳೆ ತಂದರೆ ನಾನೇನು ಮಾಡಬೇಕು? "ಸ್ವಲ್ಪ ಶುರು ಮಾಡಿಕೊಡಿ" ಅಂದರೆ ಎದ್ದು ಬನ್ನಿ. ಬರೆದದ್ದು ತನ್ನದೇ ಅಂತ ಅರ್ಜಿಯ ಕೊನೆಗೆ ಸಹಿ ಹಾಕೋದು ಆ ಮಗು, ಸಿಕ್ಕಿಬಿದ್ದರೆ ಸೀಟು ಹೋಗೋದೂ ಅದರದ್ದೇ. ಸೀಟು ಸಿಕ್ಕರೆ ಬೋನಸ್ ಅನ್ನೋ ಕಡೆಯೂ ನನಗೆ ನಂಬಿಕೆ ಇಲ್ಲ, ಬರೆದುಕೊಡೋ ಆಸೆ ಹುಟ್ಟೋದೇ ಅಲ್ಲಿಂದ.

ಮಕ್ಕಳ ಜತೆಗಿನ ಕೆಲಸ ಮಾತ್ರ ನಿಜಕ್ಕೂ ಖುಷಿ, ಅದಕ್ಕೇ ಮೂರು ವರ್ಷ ಇದ್ದೆ. ಒಪ್ಪಂದ ಕೈಗೆ ಬಂದ ಮೇಲೆ ಮೂರು ಕಲಂ ನೋಡಿ: ಕರಡು ಓದೋದಕ್ಕೆ ದರ, ರದ್ದಾದ ಸೆಷನ್‌ಗೆ ಹಣ, ಬಿಟ್ಟ ಮೇಲೆ ಎಷ್ಟು ದಿನ ಬೇರೆಡೆ ಪಾಠ ಹೇಳಬಾರದು ಅನ್ನೋದು. ಸಂಸ್ಥೆಯ ಹೆಸರು ಅಳಿಸಿ ಇಲ್ಲಿ ಹಾಕಿ, ಒಟ್ಟಿಗೇ ಓದೋಣ.