ಸರಿಯುವ ಗೋಡೆಗಿಂತ ಮೊದಲು ಸರಿಯದ ಗೋಡೆ

30 ಚದರ ಮೀಟರಿನ ಮನೆಯನ್ನು, ಮುಂದೆ ಮಗುವಿಗೊಂದು ಕೋಣೆ ಬೇಕಾದಾಗ ಒಡೆಯದೆ ಬದಲಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಅಡುಗೆಮನೆಯನ್ನೂ ಬಚ್ಚಲನ್ನೂ ಒಂದೇ ಗೋಡೆಯ ಎರಡು ಬದಿಗಿಟ್ಟು, ಕೊಳವೆಗಳೆಲ್ಲ ಅಲ್ಲಿಯೇ ಇಳಿಯುವಂತೆ ಮಾಡಿ, ಛಾವಣಿಯ ಭಾರವನ್ನು ಹೊರಗೋಡೆಗಳಿಗೆ ಅಥವಾ ಕಂಬಗಳಿಗೆ ಒಪ್ಪಿಸಿದರೆ, ಉಳಿದ ಜಾಗವನ್ನು ಯಾವಾಗ ಬೇಕಾದರೂ ವಿಂಗಡಿಸಬಹುದು. ಉದಾಹರಣೆಗೆ, ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ವಾಸ್ತುಶಿಲ್ಪಿ ಗೆರಿಟ್ ರೀಟ್‌ವೆಲ್ಡ್ 1924ರಲ್ಲಿ ವಿನ್ಯಾಸಗೊಳಿಸಿದ ಶ್ರೋಡರ್ ಮನೆಯ ಮೇಲಂತಸ್ತು, ಜಾರು ಫಲಕಗಳನ್ನು ಸರಿಸಿದಾಗ ವಿಶಾಲ ಹಜಾರವಾಗಿ, ಎಳೆದಾಗ ಮಲಗುವ ಕೋಣೆಗಳಾಗಿ ಬದಲಾಗುತ್ತದೆ. ಆದರೆ ತೆಳುವಾದ ಫಲಕ ಸದ್ದನ್ನು ತಡೆಯದು. ಮಗು ಮಲಗುವ ಕಡೆಗೆ ಕಪಾಟುಗಳ ಸಾಲನ್ನೇ ಅಡ್ಡಗೋಡೆಯಾಗಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಮುಂದೆ ವಿಂಗಡಿಸುವ ಗೆರೆಯನ್ನು ನಕ್ಷೆಯಲ್ಲಿ ಈಗಲೇ ಎಳೆದು, ಅದರ ಎರಡೂ ಬದಿಗೆ ಪ್ರತ್ಯೇಕ ಕಿಟಕಿ, ದೀಪ ಮತ್ತು ಸ್ವಿಚ್ಚು ಬರುವಂತೆ ದಯವಿಟ್ಟು ನೋಡಿಕೊಳ್ಳಿ.